ದೊಡ್ಡ ಪಿಡಿಎಫ್‌ನಿಂದ ಬೇಕಾದ ಪುಟಗಳನ್ನಷ್ಟೇ ತೆಗೆಯೋದು ಹೇಗೆ? (ಶಾಸನ ಸಂಪುಟದ ಸ್ಕ್ಯಾನ್)

ಶಾಸನಾಸಕ್ತ:
ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯ ಕರ್ನಾಟಿಕದ ಒಂದು ಸಂಪುಟ, ಇಂಟರ್ನೆಟ್ ಆರ್ಕೈವ್‌ನಿಂದ ಇಳಿಸಿದ್ದು. ಸಾವಿರದ ಹತ್ತಿರ ಪುಟ. ಬೇಕಿರೋದು ಒಂದೇ ತಾಲ್ಲೂಕಿನ ಶಾಸನಗಳು. ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಆರಿಸಿ 44ರಿಂದ 60 ಅಂತ ಕೊಟ್ಟರೆ ಪೀಠಿಕೆಯ ಪುಟಗಳು ಬಂದವು. ಕಡತವೂ ಊದಿಕೊಂಡಿದೆ, ಪದ ಹುಡುಕಿದರೆ ಸಿಗುತ್ತಿಲ್ಲ. ವಿಂಡೋಸ್ 10.

ಪುಟಗಣಿತ:
ಮೊದಲು ಪುಟಸಂಖ್ಯೆ ಸರಿಮಾಡಿಕೊಳ್ಳಿ. ಸಾಫ್ಟ್‌ವೇರ್ ಎಣಿಸೋದು ರಕ್ಷಾಪುಟದಿಂದ. ಪುಸ್ತಕದಲ್ಲಿ ಅಚ್ಚಾದ ಸಂಖ್ಯೆ ಅದಕ್ಕೆ ಗೊತ್ತಿಲ್ಲ. ಈ ಸಂಪುಟಗಳಲ್ಲಿ ಇನ್ನೊಂದು ತೊಡಕಿದೆ. ಪೀಠಿಕೆ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ, ಕನ್ನಡ ಲಿಪಿಯ ಪಾಠ ಬೇರೆ ಬೇರೆ ಭಾಗಗಳು. ಭಾಗ ಬದಲಾದಾಗ ಪುಟಸಂಖ್ಯೆ ಮತ್ತೆ 1ರಿಂದ ಶುರುವಾಗಬಹುದು, ಹಾಗಾಗಿ ‘44ನೇ ಪುಟ’ ಒಂದಕ್ಕಿಂತ ಹೆಚ್ಚು ಕಡೆ ಇರುತ್ತೆ. ನಿಮಗೆ ಬೇಕಾದ ಶಾಸನವೂ ಅಷ್ಟೂ ಕಡೆ ಇರುತ್ತೆ, ಒಂದು ಭಾಗ ತೆಗೆದು ನಿಲ್ಲಿಸಬೇಡಿ.

ಪ್ರತಿ ಭಾಗದ 1ನೇ ಪುಟ ತೆರೆದು ಓದುಗ ತಂತ್ರಾಂಶದ ಮೇಲುಪಟ್ಟಿಯಲ್ಲಿ ಯಾವ ಸಂಖ್ಯೆ ತೋರಿಸುತ್ತೆ ನೋಡಿ. ಉದಾಹರಣೆಗೆ 287 ಅಂತಿದ್ದರೆ ವ್ಯತ್ಯಾಸ 286. ಅಚ್ಚಿನ 44 ಅಂದರೆ 330, 60 ಅಂದರೆ 346. ಕೊನೆಯ ಪುಟವನ್ನೂ ತೆರೆದು ತಾಳೆ ನೋಡಲೇಬೇಕು. ನಡುವೆ ಸಂಖ್ಯೆಯಿಲ್ಲದ ಚಿತ್ರಫಲಕ ಬಂದಿದ್ದರೆ ಒಂದೆರಡು ಪುಟ ಹಿಂದೆ ಮುಂದೆ ಆಗಿರುತ್ತೆ. ಸ್ಕ್ಯಾನ್ ಮಾಡುವಾಗ ಒಂದೇ ಪುಟ ಎರಡು ಸಲ ಬಂದಿರೋದೂ ಉಂಟು.

ಕಡತಕಟ್ಟು:
ಊದಿಕೊಳ್ಳೋಕೆ ಕಾರಣ ಪ್ರಿಂಟ್ ದಾರಿಯೇ. ಸ್ಕ್ಯಾನ್ ಪುಟದಲ್ಲಿ ಹಿನ್ನೆಲೆ, ಅಕ್ಷರ ಬೇರೆ ಬೇರೆ ಪದರಗಳಾಗಿ ಬಿಗಿಯಾಗಿ ಕುಗ್ಗಿಸಿಟ್ಟಿರುತ್ತಾರೆ. ಹುಡುಕೋಕೆ ಬೇಕಾದ ಪಠ್ಯ ಇವುಗಳ ಜೊತೆ ಕಣ್ಣಿಗೆ ಕಾಣದ ಪದರದಲ್ಲಿರುತ್ತೆ. ಪ್ರಿಂಟ್ ಕೊಟ್ಟಾಗ ಪುಟವನ್ನು ಹೊಸದಾಗಿ ಚಿತ್ರಿಸುತ್ತೆ. ಕಾಣದ್ದನ್ನು ಚಿತ್ರಿಸೋದಿಲ್ಲ, ಪಠ್ಯ ಅಲ್ಲೇ ಹೋಯಿತು.

ಪಿಡಿಎಫ್‌ಸ್ಯಾಮ್ ಬೇಸಿಕ್ ಹಾಕಿಕೊಳ್ಳಿ, ಉಚಿತ. ಅದರಲ್ಲಿ ‘ಎಕ್ಸ್‌ಟ್ರ್ಯಾಕ್ಟ್’ ಆರಿಸಿ, ಕಡತ ಎಳೆದು ಬಿಡಿ, ಪುಟಗಳ ಜಾಗದಲ್ಲಿ 120-135,330-346 ಅಂತ ಅಲ್ಪವಿರಾಮ ಕೊಟ್ಟು ಬರೆಯಿರಿ. ಪುಟ ಇದ್ದ ಹಾಗೇ ನಕಲಾಗುತ್ತೆ, ಗುಣಮಟ್ಟ ಒಂದಿಷ್ಟೂ ಕೆಡೋದಿಲ್ಲ.

ಪದೇಪದೇ ಮಾಡೋ ಕೆಲಸವಾದರೆ ಕ್ಯೂಪಿಡಿಎಫ್ (ಕಮಾಂಡ್ ಕಿಟಕಿಯಲ್ಲಿ ಆಜ್ಞೆ ಬರೆದು ನಡೆಸೋ ತಂತ್ರಾಂಶ) ಒಳ್ಳೆಯದು. ಆಜ್ಞೆಯ ಕ್ರಮ: ಮೂಲ ಕಡತದ ಹೆಸರು, ‘ಪೇಜಸ್’ ಆಯ್ಕೆ, ಒಂದು ಚುಕ್ಕೆ (ಅದೇ ಮೂಲ ಕಡತ ಅಂತ ಅರ್ಥ), ಪುಟಗಳ ಪಟ್ಟಿ, ಬರೀ ಎರಡು ಅಡ್ಡಗೆರೆ, ಹೊಸ ಕಡತದ ಹೆಸರು. ಆ ಎರಡು ಅಡ್ಡಗೆರೆ ಮರೆತರೆ ಹೊಸ ಹೆಸರನ್ನೂ ಪುಟ ತೆಗೆಯಬೇಕಾದ ಕಡತ ಅಂತಲೇ ತಿಳಿದು ದೋಷ ಕೊಡುತ್ತೆ. ಕಡತದ ಹೆಸರಿನಲ್ಲಿ ಜಾಗ ಬಿಟ್ಟಿದ್ದರೆ ಉದ್ಧರಣ ಚಿಹ್ನೆಯೊಳಗೆ ಹಾಕಿ.

ಶಾಸನಾಸಕ್ತ:
ಧನ್ಯವಾದ ಸರ್. ಪಿಡಿಎಫ್‌ಸ್ಯಾಮ್‌ನಲ್ಲಿ ಕೆಲಸ ಆಯಿತು, ಪದವೂ ಸಿಗುತ್ತಿದೆ. ಇದೇ ರೀತಿ ಇನ್ನೊಂದು ಸಂಪುಟ ಹಾಕಿದರೆ ‘ಕಡತ ಹಾಳಾಗಿದೆ’ ಅನ್ನುತ್ತೆ. ಮತ್ತೊಂದರಲ್ಲಿ 10 ಪುಟ ತೆಗೆದರೂ ಗಾತ್ರ ಮೂಲದಷ್ಟೇ ಇದೆ.

ಪುಟಗಣಿತ:
ಮೊದಲನೆಯದು ಬಹುಶಃ ಅರ್ಧಕ್ಕೇ ನಿಂತ ಡೌನ್‌ಲೋಡ್. ಯಾವ ವಸ್ತು ಕಡತದಲ್ಲಿ ಎಲ್ಲಿದೆ ಅನ್ನೋ ಸೂಚಿ ಪಿಡಿಎಫ್‌ನಲ್ಲಿ ಸಾಮಾನ್ಯವಾಗಿ ಕೊನೆಯಲ್ಲಿರುತ್ತೆ, ಬಾಲ ಕತ್ತರಿಸಿದರೆ ಸೂಚಿಯೇ ಇಲ್ಲ. ಜಾಲಪುಟದಲ್ಲಿ ತೋರಿಸಿದ ಗಾತ್ರಕ್ಕೂ ನಿಮ್ಮಲ್ಲಿರೋದಕ್ಕೂ ಹೋಲಿಸಿ, ಕಡಿಮೆ ಇದ್ದರೆ ಮತ್ತೆ ಇಳಿಸಿ.

ಕಡತಕಟ್ಟು:
ಗಾತ್ರ ಇಳಿಯದಿದ್ದರೆ, ಬಹುಶಃ ಎಲ್ಲ ಪುಟಗಳೂ ಒಂದೇ ಸಂಪನ್ಮೂಲ ಪಟ್ಟಿಯನ್ನು (ಪುಟಕ್ಕೆ ಬೇಕಾದ ಚಿತ್ರ, ಅಕ್ಷರಶೈಲಿಗಳ ಪಟ್ಟಿ) ಹಂಚಿಕೊಂಡಿವೆ. ಒಂದು ಪುಟ ತೆಗೆದರೂ ಆ ಪಟ್ಟಿಯಲ್ಲಿರೋ ಅಷ್ಟೂ ಚಿತ್ರಗಳು ಹಿಂದೆಯೇ ಬರುತ್ತವೆ. ಕ್ಯೂಪಿಡಿಎಫ್‌ನಲ್ಲಿ ‘ರಿಮೂವ್ ಅನ್‌ರೆಫರೆನ್ಸ್ಡ್ ರಿಸೋರ್ಸಸ್’ ಆಯ್ಕೆಗೆ ‘ಯೆಸ್’ ಕೊಟ್ಟು ಮೂಲ ಕಡತದಿಂದಲೇ ಮತ್ತೆ ತೆಗೆಯಿರಿ.

ಹೊಸ ಕಡತದ ಹೆಸರಿನಲ್ಲಿ ಸಂಪುಟ, ಭಾಗ, ಅಚ್ಚಿನ ಪುಟಸಂಖ್ಯೆ ಮೂರೂ ಇರಲಿ. ಉಲ್ಲೇಖ ಕೊಡುವಾಗ ಬೇಕಾಗೋದು ಅಚ್ಚಿನ 44, ಪಿಡಿಎಫ್‌ನ 330 ಅಲ್ಲ.