ಮೂವತ್ತು ದಾಟಿದ ಮೇಲೆ ಸ್ವಭಾವ ಬದಲಾಗಲ್ಲ ಅನ್ನೋದು ನಿಜಾನಾ?

ಗಿರಗಿಟ್ಲೆ ಕೇಳಿದ್ದು:

ಮನೆಯ ಜಗಳವೊಂದನ್ನು ಇಲ್ಲಿಗೆ ಎಳೆದು ತಂದಿದ್ದೇನೆ, ಬೇಜಾರು ಮಾಡ್ಕೋಬೇಡಿ. ನಮ್ಮಪ್ಪನದು ಒಂದೇ ಮಾತು: ಹುಟ್ಟುಗುಣ ಸುಟ್ಟರೂ ಹೋಗದು. ನನ್ನ ತಮ್ಮ ಹದಿನೇಳರಲ್ಲಿ ಯಾರ ಮಾತೂ ಕೇಳದ ಪುಂಡ, ಅವನು ಬೈಕ್ ಹತ್ತಿದರೆ ನಮಗೆಲ್ಲ ಜೀವ ಕೈಯಲ್ಲಿ. ಈಗ ಮನೆಯಲ್ಲಿ ಎಲ್ಲರಿಗಿಂತ ಲೆಕ್ಕಾಚಾರದ ಮನುಷ್ಯ ಅವನೇ, ಇನ್ಶೂರೆನ್ಸ್ ಕಂತಿನ ದಿನಾಂಕವನ್ನು ನನಗೆ ನೆನಪಿಸುವವನೂ ಅವನೇ. ಅಪ್ಪ ಮಾತ್ರ "ಒಳಗೆ ಅವನು ಹಾಗೇ ಇದ್ದಾನೆ, ನೋಡ್ತಿರು" ಅಂತಾರೆ. ಮೂವತ್ತಾದ ಮೇಲೆ ಮನುಷ್ಯ ಬದಲಾಗಲ್ಲ ಅಂತ ಮನಶ್ಶಾಸ್ತ್ರವೇ ಹೇಳಿದೆಯಂತೆ.

ನನಗೀಗ ಮೂವತ್ತೆಂಟು, ಎಲ್ಲ ಕೆಲಸವನ್ನೂ ಕೊನೇ ಗಳಿಗೆಗೆ ತಳ್ಳುವವಳು. ಮಗಳಿಗೆ ನಾಲ್ಕು. ಅವಳಿಗೆ ಯಾವುದಕ್ಕೂ ಕಾಯುವ ತಾಳ್ಮೆ ಇಲ್ಲ, ಮಾರ್ಷ್‌ಮ್ಯಾಲೋ ಅನ್ನುವ ಮೆತ್ತನೆ ಸಿಹಿಯನ್ನು ಮಕ್ಕಳ ಮುಂದಿಟ್ಟು ಕಾಯುತ್ತಾರಾ ಅಂತ ನೋಡುವ ಪರೀಕ್ಷೆಯ ಬಗ್ಗೆ ಓದಿದಾಗಿನಿಂದ ಅದೂ ಒಂದು ಚಿಂತೆ. ಜನರನ್ನು ಚಿಕ್ಕಂದಿನಿಂದ ಮುಪ್ಪಿನವರೆಗೆ ಹಿಂದೆ ಬಿದ್ದು ನೋಡಿದವರು ನಿಜವಾಗಿ ಇದ್ದಾರಾ? ಅವರಿಗೆ ಸಿಕ್ಕಿದ್ದೇನು?

ಹಳೇಲೆಕ್ಕ:

ಇದ್ದಾರೆ, ಬೇಕಾದಷ್ಟು ಜನ. ಮೊದಲು ಆ ಮೂವತ್ತರ ಕಥೆ. ಅದು 1890ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಬರೆದದ್ದು: ಹೆಚ್ಚಿನವರಲ್ಲಿ ಮೂವತ್ತರ ಹೊತ್ತಿಗೆ ಸ್ವಭಾವ ಗಟ್ಟಿಯಾಗುತ್ತದೆ, ಆಮೇಲೆ ಮೆತ್ತಗಾಗುವುದಿಲ್ಲ ಅಂತ. ದೊಡ್ಡ ಮನುಷ್ಯ, ಚೆನ್ನಾಗಿ ಬರೆದ, ಆದರೆ ಅಳೆದು ಹೇಳಿದ್ದಲ್ಲ.

ಅಳೆದವರು ಆಮೇಲೆ ಬಂದರು. ನಿಮ್ಮ ಜಗಳದಲ್ಲಿ ಅಪ್ಪ ಒಂದು ಪ್ರಶ್ನೆಗೆ ಉತ್ತರ ಹೇಳುತ್ತಿದ್ದಾರೆ, ನೀವು ಇನ್ನೊಂದಕ್ಕೆ. ಒಂದು ತರಗತಿಯ ಮಕ್ಕಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ ಅಂದುಕೊಳ್ಳಿ. ಐದು ವರ್ಷ ಬಿಟ್ಟು ನೋಡಿದರೆ ಎಲ್ಲರೂ ಬೆಳೆದಿರುತ್ತಾರೆ, ಆದರೆ ಸಾಲಿನಲ್ಲಿ ಮುಂದಿದ್ದವರು ಹೆಚ್ಚುಕಮ್ಮಿ ಮುಂದೆಯೇ ಇರುತ್ತಾರೆ. ಸ್ವಭಾವದಲ್ಲೂ "ಎಲ್ಲರೂ ಎಷ್ಟು ಸರಿದರು" ಅನ್ನುವುದು ಬೇರೆ, "ಸಾಲು ಎಷ್ಟು ಕದಲಿತು" ಅನ್ನುವುದು ಬೇರೆ.

ಸಾಲಿನ ಲೆಕ್ಕ ನೋಡಿ. ರಾಬರ್ಟ್ಸ್ ಮತ್ತು ಡೆಲ್‌ವೆಕ್ಕಿಯೊ 2000ರಲ್ಲಿ 152 ಅಧ್ಯಯನಗಳನ್ನು ಒಟ್ಟುಗೂಡಿಸಿದರು, ಎಲ್ಲವೂ ಅದೇ ಜನರನ್ನು ಮತ್ತೆ ಮತ್ತೆ ಪರೀಕ್ಷಿಸಿದ ಅಧ್ಯಯನಗಳು. 1 ಅಂದರೆ ಸಾಲು ಒಂದಿಷ್ಟೂ ಕದಲಿಲ್ಲ, 0 ಅಂದರೆ ಪೂರ್ತಿ ಕಲಸಿಹೋಯಿತು. ಸುಮಾರು ಏಳು ವರ್ಷದ ಅಂತರದಲ್ಲಿ ಬಾಲ್ಯದಲ್ಲಿ 0.31, ಕಾಲೇಜಿನ ವಯಸ್ಸಿನಲ್ಲಿ 0.54, ಮೂವತ್ತರಲ್ಲಿ 0.64, ಐವತ್ತರಿಂದ ಎಪ್ಪತ್ತರ ನಡುವೆ 0.74. ಅಂದರೆ ವಯಸ್ಸಾದ ಹಾಗೆ ಗಟ್ಟಿಯಾಗುವುದು ನಿಜ, ಆದರೆ ಮೂವತ್ತರಲ್ಲಿ ಬಾಗಿಲು ಹಾಕಿಕೊಳ್ಳುವುದಿಲ್ಲ.

ಇನ್ನು ಎಲ್ಲರೂ ಸರಿಯುವ ಮಾತು. 2006ರಲ್ಲಿ ಅದೇ ರಾಬರ್ಟ್ಸ್ ಮತ್ತು ಜೊತೆಗಾರರು 92 ಗುಂಪುಗಳ ಮಾಹಿತಿ ಸೇರಿಸಿ ನೋಡಿದರೆ, ಜನ ವಯಸ್ಸಾದಂತೆ ಹೆಚ್ಚು ಜವಾಬ್ದಾರಿ ಹೊರುವವರೂ, ಸಣ್ಣದಕ್ಕೆಲ್ಲ ಕಂಗೆಡದವರೂ ಆಗುತ್ತಾರೆ. ಎಲ್ಲಕ್ಕಿಂತ ಜಾಸ್ತಿ ಬದಲಾವಣೆ ಕಂಡದ್ದು ಹದಿಹರೆಯದಲ್ಲಲ್ಲ, ಇಪ್ಪತ್ತರಿಂದ ನಲವತ್ತರ ನಡುವೆ! ನಿಮ್ಮ ತಮ್ಮ ವಿಚಿತ್ರವೇನಲ್ಲ, ಸರಾಸರಿ ಮನುಷ್ಯ.

ಬ್ರೇಕ್‌ಫೇಲ್:

ತಮ್ಮನ ಬೈಕಿನ ವಿಷಯಕ್ಕೆ ನನ್ನದೊಂದು ಸೇರಿಸ್ತೀನಿ. 2005ರಲ್ಲಿ ಗಾರ್ಡ್‌ನರ್ ಮತ್ತು ಸ್ಟೈನ್‌ಬರ್ಗ್ ಜನರಿಗೆ ಒಂದು ಕಂಪ್ಯೂಟರ್ ಆಟ ಆಡಿಸಿದರು. ಪರದೆಯ ಮೇಲೆ ಕಾರು ಓಡುತ್ತಿರುತ್ತದೆ, ಹಳದಿ ದೀಪ ಬರುತ್ತದೆ, ಅಂದರೆ ಮುಂದೆ ಯಾವ ಕ್ಷಣದಲ್ಲಾದರೂ ಗೋಡೆ ಎದುರಾಗಬಹುದು. ದೂರ ಹೋದಷ್ಟೂ ಅಂಕ, ಗುದ್ದಿದರೆ ಎಲ್ಲ ಹೋಯಿತು. ಕೆಲವರು ಒಬ್ಬರೇ ಆಡಿದರು, ಕೆಲವರ ಪಕ್ಕ ಅದೇ ವಯಸ್ಸಿನ ಇನ್ನಿಬ್ಬರು ಕೂತಿದ್ದರು. ಗೆಳೆಯರು ನೋಡುತ್ತಿದ್ದಾಗ 13–16ರ ಮಕ್ಕಳು ಮಾಮೂಲಿಗಿಂತ ಎಷ್ಟೋ ಜಾಸ್ತಿ ಅಪಾಯಕ್ಕೆ ಕೈಹಾಕಿದರು. 24 ದಾಟಿದವರಲ್ಲಿ ಮಾತ್ರ ಪಕ್ಕದಲ್ಲಿ ಯಾರಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಅಂದರೆ ಹದಿನೇಳರ ಪುಂಡತನದಲ್ಲಿ ಒಳ್ಳೇ ಪಾಲು ಹುಡುಗನದಲ್ಲ, ಹಿಂದೆ ಕೂತವನದು 😄 ಟೆರ್ರಿ ಮಾಫಿಟ್ ಕೂಡ 1993ರಲ್ಲಿ ಇದನ್ನೇ ಬೇರೆ ದಾರಿಯಿಂದ ಹೇಳಿದ್ದರು: ಚಿಕ್ಕ ವಯಸ್ಸಿನಲ್ಲೇ ಶುರುಮಾಡಿ ಬದುಕಿಡೀ ರಂಪ ಮಾಡುವವರು ಕೆಲವೇ ಜನ, ಹದಿಹರೆಯದಲ್ಲಿ ಶುರುವಾಗಿ ತಾನಾಗಿಯೇ ನಿಲ್ಲಿಸುವವರು ಬಹಳ. ಹದಿನೇಳರಲ್ಲಿ ನಿಂತು ನೋಡಿದರೆ ಇಬ್ಬರೂ ಒಂದೇ ಥರ ಕಾಣುತ್ತಾರೆ, ಗೊತ್ತಾಗಬೇಕಾದರೆ ಏಳನೇ ವಯಸ್ಸಿನಲ್ಲಿ ಹೇಗಿದ್ದ ಅಂತ ಕೇಳಬೇಕು.

ಇರುವೆಸಾಲು:

ಮಾರ್ಷ್‌ಮ್ಯಾಲೋ ಚಿಂತೆ ಬಿಡಿ ಅಕ್ಕಾ.

ಮೂಲ ಪರೀಕ್ಷೆ ವಾಲ್ಟರ್ ಮಿಷೆಲ್ ಅವರದು, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ, 1960ರ ದಶಕದ ಕೊನೆಯಲ್ಲಿ ಶುರುವಾದದ್ದು. ಈಗಲೇ ತಿಂದರೆ ಒಂದು, ಕಾದರೆ ಎರಡು. ಕಾದ ಮಕ್ಕಳು ಮುಂದೆ ಓದಿನಲ್ಲೂ ಮುಂದಿದ್ದರು ಅನ್ನುವುದೇ ಎಲ್ಲ ಕಡೆ ಹಬ್ಬಿತು. ಆದರೆ ಅವರು ಹೆಚ್ಚಾಗಿ ವಿಶ್ವವಿದ್ಯಾಲಯದ ಆವರಣದವರ ಮಕ್ಕಳು. 2018ರಲ್ಲಿ ವಾಟ್ಸ್, ಡಂಕನ್, ಕ್ವಾನ್ ಅನ್ನುವ ಮೂವರು ಒಂಬೈನೂರಕ್ಕೂ ಹೆಚ್ಚು ಮಕ್ಕಳ ಮಾಹಿತಿ ತೆಗೆದು ನೋಡಿದರೆ ನಂಟು ಅರ್ಧಕ್ಕೆ ಇಳಿದಿತ್ತು. ಮನೆಯ ಪರಿಸ್ಥಿತಿ, ಮಗುವಿನ ಬುದ್ಧಿಶಕ್ತಿ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಉಳಿದದ್ದರಲ್ಲೂ ಮೂರರಲ್ಲಿ ಎರಡು ಪಾಲು ಹೋಯಿತು.

ನನಗೆ ಇದಕ್ಕಿಂತ ಇಷ್ಟವಾದದ್ದು ಕಿಡ್, ಪಾಮೇರಿ, ಆಸ್ಲಿನ್ ಮಾಡಿದ ಪುಟ್ಟ ಪ್ರಯೋಗ, 2013ರದ್ದು. ಮಕ್ಕಳು 28 ಜನ ಅಷ್ಟೇ. ಮೊದಲು ಮಗುವಿಗೆ ಹಳೇ ಕ್ರಯಾನ್ ಕೊಟ್ಟು "ಸ್ವಲ್ಪ ಕಾದರೆ ಇದಕ್ಕಿಂತ ಚೆನ್ನಾಗಿರೋದು ತರ್ತೀನಿ" ಅಂತ ದೊಡ್ಡವರು ಹೊರಗೆ ಹೋಗುತ್ತಾರೆ. ಅರ್ಧ ಮಕ್ಕಳಿಗೆ ನಿಜವಾಗಿ ಹೊಸದು ತಂದುಕೊಟ್ಟರು. ಇನ್ನರ್ಧಕ್ಕೆ ಬರಿಗೈಯಲ್ಲಿ ಬಂದು, ಸಾರಿ ಪುಟ್ಟಾ, ನಮ್ಮ ಹತ್ತಿರ ಇಲ್ವೇ ಇಲ್ಲ ಅಂದರು. ಇದಾದ ಮೇಲೆ ಮಾರ್ಷ್‌ಮ್ಯಾಲೋ ಇಟ್ಟರು. ಹೇಳಿದ್ದು ಕೈಗೆ ಸಿಕ್ಕ ಮಕ್ಕಳು ಸರಾಸರಿ 12 ನಿಮಿಷ ಕಾದರು, ಮೋಸ ಹೋದವರು ಮೂರೇ ನಿಮಿಷ. ಪೂರ್ತಿ 15 ನಿಮಿಷ ಕಾದವರು ಮೊದಲ ಗುಂಪಿನಲ್ಲಿ 14ಕ್ಕೆ 9, ಎರಡನೆಯದರಲ್ಲಿ 14ಕ್ಕೆ ಒಂದೇ ಒಂದು ಮಗು. ಬರುತ್ತೋ ಇಲ್ವೋ ಗೊತ್ತಿಲ್ಲದ್ದಕ್ಕೆ ಕಾಯದಿರುವುದು ದಡ್ಡತನವಾ? ನನ್ನ ಪ್ರಕಾರ ಆ ಮಕ್ಕಳೇ ಬುದ್ಧಿವಂತರು.

ತೂಕಕ್ಕೆತೂಕ:

ಹಾಗಂತ ಬಾಲ್ಯಕ್ಕೆ ಬೆಲೆಯೇ ಇಲ್ಲ ಅನ್ನಬೇಡಿ ಇರುವೆಸಾಲು ಅವರೇ. ನ್ಯೂಜಿಲೆಂಡಿನ ಡ್ಯುನೆಡಿನ್ ಅಧ್ಯಯನವನ್ನು ಯಾಕೆ ಬಿಟ್ಟಿರಿ? 1972–73ರಲ್ಲಿ ಆ ಒಂದು ಊರಿನಲ್ಲಿ ಹುಟ್ಟಿದ 1,037 ಮಕ್ಕಳು, ಇವತ್ತಿಗೂ ಹಿಂಬಾಲಿಸುತ್ತಿದ್ದಾರೆ. ಅಲ್ಲಿ ಒಂದು ದಿನದ ಸಿಹಿ ತಿಂಡಿ ಇಟ್ಟು ನೋಡಿದ್ದಲ್ಲ, ಮೂರರಿಂದ ಹನ್ನೊಂದನೇ ವಯಸ್ಸಿನವರೆಗೆ ತಂದೆತಾಯಿ, ಶಿಕ್ಷಕರು, ಸಂಶೋಧಕರು, ಆಮೇಲೆ ಮಗುವೇ, ಎಲ್ಲರೂ ಹೇಳಿದ್ದನ್ನು ಸೇರಿಸಿ ಮಗುವಿಗೆ ತನ್ನ ಮೇಲೆ ಹಿಡಿತ ಎಷ್ಟು ಅಂತ ಅಳೆದರು. 32ನೇ ವಯಸ್ಸಿಗೆ ಬಂದಾಗ ಆರೋಗ್ಯ, ದುಡ್ಡುಕಾಸು, ಪೊಲೀಸ್ ದಾಖಲೆ, ಮೂರರಲ್ಲೂ ವ್ಯತ್ಯಾಸ ಮೆಟ್ಟಿಲು ಮೆಟ್ಟಿಲಾಗಿ ಕಂಡಿತು, ಹಿಡಿತ ಕಡಿಮೆಯಾದಷ್ಟೂ ಪರಿಸ್ಥಿತಿ ಕೆಟ್ಟದ್ದು. ಮನೆಯ ಅನುಕೂಲ, ಬುದ್ಧಿಮಟ್ಟ ಎರಡನ್ನೂ ಬದಿಗಿಟ್ಟು ನೋಡಿದರೂ ಅದು ಉಳಿಯಿತು. 2011ರ ವರದಿ ಇದು.

ಅದೇ ವರದಿಯಲ್ಲಿ ಇನ್ನೊಂದು ಮಾತಿದೆ, ಜನ ಅದನ್ನು ಹಾರಿಸಿ ಓದುತ್ತಾರೆ: ಬೆಳೆಯುತ್ತಾ ಹಿಡಿತ ಹೆಚ್ಚಿಸಿಕೊಂಡ ಮಕ್ಕಳು ಚಿಕ್ಕಂದಿನ ಅಂಕ ನೋಡಿ ಊಹಿಸಿದ್ದಕ್ಕಿಂತ ಚೆನ್ನಾಗಿಯೇ ಇದ್ದರು.

ಇನ್ನು ತುಂಬ ಉದ್ದದ ಅಂತರ ಬೇಕು ಅಂದರೆ ಸ್ಕಾಟ್ಲೆಂಡಿನದು, 2016ರಲ್ಲಿ ಪ್ರಕಟವಾಯಿತು. 14ನೇ ವಯಸ್ಸಿನಲ್ಲಿ 1,208 ಮಕ್ಕಳಿಗೆ ಶಿಕ್ಷಕರು ಆತ್ಮವಿಶ್ವಾಸ, ಹಿಡಿದ ಕೆಲಸ ಬಿಡದಿರುವುದು ಮುಂತಾದ ಆರು ಗುಣಗಳಲ್ಲಿ ಅಂಕ ಕೊಟ್ಟಿದ್ದರು. ಅವರಲ್ಲಿ 174 ಜನ 77ನೇ ವಯಸ್ಸಿನಲ್ಲಿ ಮತ್ತೆ ಸಿಕ್ಕರು. ಆಗಿನ ಅಂಕಕ್ಕೂ ಈಗಿನದಕ್ಕೂ ನಂಟು ತೀರ ಕಡಿಮೆ. ನಿಮ್ಮಪ್ಪನಿಗೆ ಇದನ್ನು ತೋರಿಸುವ ಮೊದಲು ಒಂದು ಎಚ್ಚರಿಕೆ: ಆಗ ಅಂಕ ಕೊಟ್ಟವರು ಮೇಷ್ಟ್ರು, ಈಗ ಕೊಟ್ಟುಕೊಂಡವರು ಅವರವರೇ, ಜೊತೆಗೆ ಅವರಿಗೆ ಹತ್ತಿರದ ಒಬ್ಬರು. ಅಳತೆಗೋಲೇ ಬೇರೆಯಾದರೆ ಬದಲಾಗಿದ್ದು ಮನುಷ್ಯನಾ, ಅಳೆದವನಾ ಅಂತ ಕೇಳಲೇಬೇಕು.

ಗಿರಗಿಟ್ಲೆ:

ಇಷ್ಟೊಂದು ಸಿಗುತ್ತೆ ಅಂದುಕೊಂಡಿರಲಿಲ್ಲ, ಥ್ಯಾಂಕ್ಸ್. ಕ್ರಯಾನ್ ಕಥೆ ಓದಿ ಮಗಳಿಗೆ ನಾನು "ಆಮೇಲೆ ಕೊಡ್ತೀನಿ" ಅಂದು ಮರೆತದ್ದೆಲ್ಲ ಕಣ್ಮುಂದೆ ಬಂತು, ಅದು ಬಿಡಿ. ಸರಾಸರಿ ತಾನಾಗಿಯೇ ಸರಿಯುತ್ತೆ ಸರಿ. ಬೇಕು ಅಂತ ಕೂತು ಬದಲಾಯಿಸಿಕೊಳ್ಳೋಕೆ ಆಗುತ್ತಾ? ನಾನು ಇನ್ನು ಹೀಗೇ ಅಂತ ಅನಿಸಿಬಿಟ್ಟಿದೆ.

ಹಳೇಲೆಕ್ಕ:

"ನಾನು ಇನ್ನು ಹೀಗೇ" ಅನ್ನುವುದನ್ನೂ ಅಳೆದಿದ್ದಾರೆ! ಕ್ವಾಡ್‌ಬಾಕ್, ಗಿಲ್ಬರ್ಟ್, ವಿಲ್ಸನ್, 2013. ಹದಿನೆಂಟರಿಂದ ಅರವತ್ತೆಂಟರವರೆಗಿನ ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು ಜನ. ಹಿಂದಿನ ಹತ್ತು ವರ್ಷದಲ್ಲಿ ಎಷ್ಟು ಬದಲಾದಿರಿ, ಮುಂದಿನ ಹತ್ತರಲ್ಲಿ ಎಷ್ಟು ಬದಲಾಗುತ್ತೀರಿ ಅಂತ ಕೇಳಿದರೆ, ಎಲ್ಲ ವಯಸ್ಸಿನವರೂ ಆಗಿದ್ದು ಬಹಳ, ಆಗುವುದು ಕಡಿಮೆ ಅಂದರು.

ಬೇಕಂತಲೇ ಬದಲಾಗುವ ಬಗ್ಗೆ ಹಡ್ಸನ್ ಮತ್ತು ಜೊತೆಗಾರರ 2019ರ ಅಧ್ಯಯನ ನೋಡಿ. ಕಾಲೇಜು ವಿದ್ಯಾರ್ಥಿಗಳಿಗೆ 15 ವಾರ ಸಣ್ಣ ಸಣ್ಣ ಕೆಲಸ ಆರಿಸಿಕೊಳ್ಳಲು ಬಿಟ್ಟರು. ಜನರೊಂದಿಗೆ ಬೆರೆಯಬೇಕು ಅನ್ನುವವರಿಗೆ ಅಂಗಡಿಯ ಕೌಂಟರಿನಲ್ಲಿರುವವರಿಗೆ ಒಂದು ನಮಸ್ಕಾರ ಹೇಳುವಂಥದ್ದು, ಅಷ್ಟೇ ಸಣ್ಣದು. ಮಾಡಿ ಮುಗಿಸಿದವರಲ್ಲಿ ಬದಲಾವಣೆ ಕಂಡಿತು. ಒಪ್ಪಿಕೊಂಡು ಮಾಡದೇ ಬಿಟ್ಟವರಿಗೆ ಆಸೆಯಿಂದ ಏನೂ ಆಗಲಿಲ್ಲ. ಅವರೆಲ್ಲ ಎಳೆಯರು, ಅಂಕವೂ ಅವರವರೇ ಕೊಟ್ಟುಕೊಂಡದ್ದು, ಹದಿನೈದು ವಾರ ದೊಡ್ಡ ಅವಧಿಯೇನಲ್ಲ. ಇದನ್ನೆಲ್ಲ ಕಳೆದರೂ, ನಿಮ್ಮಂಥ ಕೊನೇ ಗಳಿಗೆಯವರು "ಇನ್ನು ಮೇಲೆ ಶಿಸ್ತು" ಅಂತ ಶಪಥ ಮಾಡುವ ಬದಲು ಒಂದು ಬಿಲ್ಲನ್ನು ಬಂದ ದಿನವೇ ಕಟ್ಟುವುದರಿಂದ ಶುರುಮಾಡಬಹುದು ಅನಿಸುತ್ತದೆ. ಇನ್ಶೂರೆನ್ಸ್ ಕಂತೇ ಆದೀತು, ತಮ್ಮ ಫೋನ್ ಮಾಡುವ ಮೊದಲೇ.