ಪ್ರಶ್ನೋತ್ತರ: ಶಾಖ ಹೊರಬರುವ ಕ್ರಿಯೆಗೆ ಮತ್ತೆ ಕಾಯಿಸೋದು ಯಾಕೆ?

ಈ ವಾರ ಗುಂಪಿನ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿರುವವರು ಗೊಬ್ಬರ ಕಾರ್ಖಾನೆಯ ಅಮೋನಿಯಾ ವಿಭಾಗದ ಕೆಮಿಕಲ್ ಎಂಜಿನಿಯರ್.

ಪ್ರಶ್ನೆ (ದ್ವಿತೀಯ ಪಿಯುಸಿ ವಿದ್ಯಾರ್ಥಿನಿ): ಸರ್, ನೈಟ್ರೋಜನ್ ಮತ್ತು ಹೈಡ್ರೋಜನ್ ಸೇರಿ ಅಮೋನಿಯಾ ಆಗುವುದು ಬಹಿರುಷ್ಣಕ ಕ್ರಿಯೆ, 92 ಕಿಲೋಜೂಲ್ ಹೊರಬರುತ್ತೆ ಅಂತ ಓದಿದ್ದೇವೆ. ಹಾಗಿದ್ರೆ ಅದನ್ನು 450 ಡಿಗ್ರಿವರೆಗೆ ಕಾಯಿಸೋದು ಯಾಕೆ? ತಾನಾಗೇ ನಡೀಬೇಕಲ್ವಾ?

ಉತ್ತರ: ಪೇಪರ್ ತಗೊಂಡು ನನ್ನ ಜೊತೆ ಲೆಕ್ಕ ಮಾಡಮ್ಮ. ಬಂಧ ಒಡೆಯಲು ಶಕ್ತಿ ಕೊಡಬೇಕು, ಹೊಸ ಬಂಧ ಕೂಡಿದಾಗ ಶಕ್ತಿ ಸಿಗುತ್ತದೆ. ಒಂದು ಮೋಲ್ (ಅಣುಗಳನ್ನು ಎಣಿಸುವ ಅಳತೆ) ನೈಟ್ರೋಜನ್‌ನ ತ್ರಿಬಂಧ ಒಡೆಯಲು 945 ಕಿಲೋಜೂಲ್ ಬೇಕು. ಮೂರು ಮೋಲ್ ಹೈಡ್ರೋಜನ್‌ಗೆ ತಲಾ 436ರಂತೆ 1308. ಒಟ್ಟು ಕೊಟ್ಟದ್ದು 2253. ಈಗ ಎರಡು ಮೋಲ್ ಅಮೋನಿಯಾದಲ್ಲಿ ಆರು ಮೋಲ್ ನೈಟ್ರೋಜನ್-ಹೈಡ್ರೋಜನ್ ಬಂಧಗಳಿವೆ. ತಲಾ 391ರಂತೆ 2346 ವಾಪಸ್ ಬಂತು. ಉಳಿದದ್ದು 93. ಬಂಧಶಕ್ತಿಯ ಸರಾಸರಿ ಅಂಕಿ ಬಳಸಿದ್ದರಿಂದ ನಿಮ್ಮ 92ಕ್ಕೂ ಇದಕ್ಕೂ ಸ್ವಲ್ಪ ವ್ಯತ್ಯಾಸ, ಅಷ್ಟೇ.

92 ಅನ್ನೋದು ಕೊಟ್ಟು ತಗೊಂಡ ಮೇಲೆ ಉಳಿದ ಬಾಕಿ. ಆದರೆ ಮೊದಲು ಕೊಡಬೇಕಾದದ್ದನ್ನು ಕೊಡಲೇಬೇಕು. ಕ್ರಿಯೆ ಶುರುವಾಗಲು ಬೇಕಾದ ಆ ಕನಿಷ್ಠ ಶಕ್ತಿಗೇ ಆಕ್ಟಿವೇಷನ್ ಎನರ್ಜಿ ಅನ್ನುವುದು. ನೈಟ್ರೋಜನ್‌ನ ತ್ರಿಬಂಧ ಬಹಳ ಗಟ್ಟಿ. ಎರಡೂ ಅನಿಲಗಳನ್ನು ಸುಮ್ನೆ ಬೆರೆಸಿ ಕೋಣೆಯ ಉಷ್ಣತೆಯಲ್ಲಿ ಇಟ್ಟರೆ ವರ್ಷಗಟ್ಟಲೆ ಕಾದರೂ ಏನೂ ಆಗುವುದಿಲ್ಲ.

ನಮ್ಮ ಪ್ಲಾಂಟಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ನಿಂತಿದ್ದ ಕನ್ವರ್ಟರ್ (ಅಮೋನಿಯಾ ತಯಾರಾಗುವ ದೊಡ್ಡ ಪಾತ್ರೆ) ಮತ್ತೆ ಶುರು ಮಾಡುವಾಗ ಸ್ಟಾರ್ಟ್‌ಅಪ್ ಹೀಟರ್ ಉರಿಸಿ ಅನಿಲವನ್ನು ಕಾಯಿಸುತ್ತೇವೆ. ಕ್ರಿಯೆ ಹಿಡಿದುಕೊಂಡ ಮೇಲೆ ಹೀಟರ್ ಆರಿಸುತ್ತೇವೆ. ಆಮೇಲೆ ಹೊರಬರುವ ಶಾಖವೇ ಒಳಬರುವ ತಣ್ಣನೆಯ ಅನಿಲವನ್ನು ಕಾಯಿಸುತ್ತದೆ. ಮಿಕ್ಕಿದ್ದರಲ್ಲಿ ಹಬೆಯನ್ನೂ ಮಾಡಿಕೊಳ್ಳುತ್ತೇವೆ. ಅಲ್ಲಿಂದ ಮುಂದೆ ನಮ್ಮ ತಲೆನೋವು ಉಲ್ಟಾ: ಬಿಸಿ ಜಾಸ್ತಿಯಾಗದ ಹಾಗೆ ನೋಡಿಕೊಳ್ಳುವುದು.

ಅದೇ ವಿದ್ಯಾರ್ಥಿನಿ: ಬಿಸಿ ಜಾಸ್ತಿಯಾದರೆ ವೇಗ ಹೆಚ್ಚುತ್ತೆ, ಒಳ್ಳೇದೇ ಅಲ್ವಾ ಸರ್?

ಉತ್ತರ: ವೇಗ ಹೆಚ್ಚುತ್ತದೆ, ಅಮೋನಿಯಾ ಕಡಿಮೆಯಾಗುತ್ತದೆ. ಶಾಖ ಬಿಡುವ ಕ್ರಿಯೆಗೆ ಇನ್ನಷ್ಟು ಶಾಖ ಕೊಟ್ಟರೆ ಸಮತೋಲನ ಹಿಂದಕ್ಕೆ ಸರಿಯುತ್ತದೆ. ಆದ ಅಮೋನಿಯಾ ಮತ್ತೆ ಒಡೆಯುತ್ತದೆ. ತಣ್ಣಗಿಟ್ಟರೆ ಕ್ರಿಯೆಯೇ ನಡೆಯುವುದಿಲ್ಲ. ಈ ಇಕ್ಕಟ್ಟಿನಿಂದ ಪಾರು ಮಾಡುವುದು ತಾನು ಖರ್ಚಾಗದೆ ಕ್ರಿಯೆಗೆ ವೇಗ ಕೊಡುವ ವಸ್ತು, ಅಂದರೆ ವೇಗವರ್ಧಕ; ನಾವು ಪ್ಲಾಂಟಿನಲ್ಲಿ ಕೆಟಲಿಸ್ಟ್ ಅಂತೀವಿ. ಅದು ಇರುವುದರಿಂದ 400ರಿಂದ 500 ಡಿಗ್ರಿಯಲ್ಲೇ ಕೆಲಸ ಆಗುತ್ತದೆ. ಹಾಗಿದ್ದೂ ಒಂದು ಸುತ್ತಿನಲ್ಲಿ ಅಮೋನಿಯಾ ಆಗುವುದು ನೂರಕ್ಕೆ ಸುಮಾರು 15ರಿಂದ 20 ಭಾಗ ಮಾತ್ರ. ಅದನ್ನು ತಂಪು ಮಾಡಿ ದ್ರವವಾಗಿ ಬೇರ್ಪಡಿಸಿ, ಉಳಿದ ಅನಿಲವನ್ನು ಮತ್ತೆ ಒಳಗೆ ಕಳಿಸುತ್ತೇವೆ.

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕರು): ನಮಸ್ಕಾರ ಸರ್. ವೇಗವರ್ಧಕ ಹಾಕಿದರೆ ಹೊರಬರುವ ಶಾಖ ಹೆಚ್ಚುತ್ತದೆ ಅಂತ ಮಕ್ಕಳು ಬರೆಯುತ್ತಾರೆ. ಹೇಗೆ ಬಿಡಿಸಿ ಹೇಳಲಿ?

ಉತ್ತರ: ನಮಸ್ಕಾರ ಮೇಷ್ಟ್ರೇ. ಮೇಲಿನ ಲೆಕ್ಕವನ್ನೇ ತೋರಿಸಿ. ಅದರಲ್ಲಿ ವೇಗವರ್ಧಕದ ಹೆಸರೇ ಇಲ್ಲ. ಶುರುವಿನಲ್ಲಿ ಇದ್ದದ್ದು ಏನು, ಕೊನೆಗೆ ಆದದ್ದು ಏನು ಎಂಬುದಷ್ಟೇ 92ನ್ನು ನಿರ್ಧರಿಸುತ್ತದೆ. ವೇಗವರ್ಧಕ ನಡುವಿನ ದಾರಿಯನ್ನು ಮಾತ್ರ ಬದಲಿಸುತ್ತದೆ.

ಆ ದಾರಿ ಹೀಗಿದೆ. ಇಲ್ಲಿ ವೇಗವರ್ಧಕ ಅಂದರೆ ಕಬ್ಬಿಣ; ನೈಟ್ರೋಜನ್ ಅಣು ಅದರ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಕಬ್ಬಿಣದ ಪರಮಾಣುಗಳು ಅದನ್ನು ಎರಡೂ ಕಡೆಯಿಂದ ಹಿಡಿದುಕೊಂಡಾಗ ತ್ರಿಬಂಧ ಸಡಿಲವಾಗಿ ಮುರಿಯುತ್ತದೆ. ಪಕ್ಕದಲ್ಲೇ ಹೈಡ್ರೋಜನ್ ಕೂಡ ಒಡೆದು ಕೂತಿರುತ್ತದೆ. ಒಂದೊಂದೇ ಹೈಡ್ರೋಜನ್ ಬಂದು ಸೇರಿ, ಮೂರು ಆದಾಗ ಅಮೋನಿಯಾ ಮೇಲ್ಮೈ ಬಿಟ್ಟು ಹೊರಡುತ್ತದೆ. ಜಾಗ ಖಾಲಿ, ಮುಂದಿನ ಅಣು ಬರುತ್ತದೆ. ಈ ಹೆಜ್ಜೆಗಳನ್ನು ಬಿಡಿಸಿ ತೋರಿಸಿದ ಗೆರ್‌ಹಾರ್ಡ್ ಎರ್ಟ್ಲ್ ಅವರಿಗೆ 2007ರಲ್ಲಿ ನೊಬೆಲ್ ಬಂತು. ಈ ಕ್ರಿಯೆಯ ಮೊದಲ ಕಾರ್ಖಾನೆ ಶುರುವಾಗಿ 90 ವರ್ಷ ದಾಟಿತ್ತು ಆಗ!

ರಸಾಯನ ವಿಜ್ಞಾನಿ ಫ್ರಿಟ್ಸ್ ಹಾಬರ್ 1909ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಈ ಕ್ರಿಯೆ ನಡೆಸಿ ತೋರಿಸಿದಾಗ ವೇಗವರ್ಧಕವಾಗಿ ಬಳಸಿದ್ದು ಆಸ್ಮಿಯಂ. ಅದು ಬಹಳ ಅಪರೂಪದ ಲೋಹ, ಕಾರ್ಖಾನೆಗೆ ಸಾಲುವಷ್ಟು ಎಲ್ಲಿಂದ ತರುವುದು? ಬಿಎಎಸ್‌ಎಫ್ ಎಂಬ ಜರ್ಮನಿಯ ರಾಸಾಯನಿಕ ಕಂಪನಿಯಲ್ಲಿ ಎಂಜಿನಿಯರ್ ಕಾರ್ಲ್ ಬಾಷ್ ಜೊತೆಗಿದ್ದ ರಸಾಯನ ವಿಜ್ಞಾನಿ ಆಲ್ವಿನ್ ಮಿಟಾಷ್ ಸಾವಿರಾರು ಮಿಶ್ರಣಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿಸಿದರು. ಸ್ವೀಡನ್ನಿನ ಮ್ಯಾಗ್ನಟೈಟ್ ಎಂಬ ಒಂದು ಕಬ್ಬಿಣದ ಅದಿರು ಚೆನ್ನಾಗಿ ಕೆಲಸ ಮಾಡಿತು. ಶುದ್ಧ ಕಬ್ಬಿಣ ಅಷ್ಟು ಚೆನ್ನಾಗಿರಲಿಲ್ಲ! ಜೊತೆಗೆ ಸೇರಿದ ಬೇರೆ ಪದಾರ್ಥಗಳಲ್ಲೇ ಗುಟ್ಟಿತ್ತು. ಇವತ್ತೂ ಕಬ್ಬಿಣಕ್ಕೆ ಸ್ವಲ್ಪ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್), ಸ್ವಲ್ಪ ಪೊಟ್ಯಾಸಿಯಂ ಸೇರಿಸುತ್ತಾರೆ. 1913ರಲ್ಲಿ ಜರ್ಮನಿಯ ಓಪಾವ್‌ನಲ್ಲಿ ಕಾರ್ಖಾನೆ ಶುರುವಾಯಿತು. ಪರಮಾಣುಗಳು ಏನು ಮಾಡುತ್ತಿವೆ ಎಂದು ನೋಡಲು ಉಪಕರಣವೇ ಇಲ್ಲದ ಕಾಲದಲ್ಲಿ ಬರೀ ತಾಳ್ಮೆಯಿಂದ ಹುಡುಕಿ ತೆಗೆದದ್ದು ಅದು. ಮಿಟಾಷ್ ಹೆಸರು ನಮ್ಮ ಪಾಠಗಳಲ್ಲಿ ಇನ್ನೂ ಜಾಸ್ತಿ ಬರಬೇಕು ಅಂತ ನನಗೆ ಅನಿಸುತ್ತದೆ.

ಇನ್ನೊಂದು ಮಾತನ್ನೂ ಮಕ್ಕಳಿಗೆ ಹೇಳಿ. ವೇಗವರ್ಧಕ ಸಮತೋಲನವನ್ನೂ ಬದಲಿಸುವುದಿಲ್ಲ. ಇದೇ ಕಬ್ಬಿಣ ಅಮೋನಿಯಾ ಒಡೆಯುವ ಕ್ರಿಯೆಗೂ ವೇಗ ಕೊಡುತ್ತದೆ.

ಪ್ರಶ್ನೆ (ಬಿಎಸ್ಸಿ ವಿದ್ಯಾರ್ಥಿ): ಕೆಟಲಿಸ್ಟ್ ಖರ್ಚಾಗಲ್ಲ ಅಂತಾರೆ. ಮತ್ತೆ ಬದಲಾಯಿಸ್ತೀರಲ್ಲ ಸರ್?

ಉತ್ತರ: ಖರ್ಚಾಗಲ್ಲ, ಕೆಡುತ್ತದೆ. ಗಂಧಕ ಸ್ವಲ್ಪ ಬಂದರೂ ಮೇಲ್ಮೈಗೆ ಅಂಟಿ ಕೂತುಬಿಡುತ್ತದೆ. ಕಾರ್ಬನ್ ಮೊನಾಕ್ಸೈಡ್, ನೀರಾವಿ ಕೂಡ ಆಗಿಬರುವುದಿಲ್ಲ. ಬಿಸಿ ಹೆಚ್ಚಾದರೆ ಸಣ್ಣ ಕಣಗಳು ಒಂದಕ್ಕೊಂದು ಕೂಡಿ ಮೇಲ್ಮೈ ಕಡಿಮೆಯಾಗುತ್ತದೆ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮೀರಿ ಬಾಳುತ್ತದೆ.

ಪ್ರಶ್ನೆ (ಭತ್ತ ಬೆಳೆಯುವ ರೈತರು): ಅಣ್ಣ, ಸಿಂಪಡಿಸೋಕೆ ಯೂರಿಯಾ ನೀರಿಗೆ ಹಾಕಿದ್ರೆ ಬಕೆಟ್ ತಣ್ಣಗಾಗುತ್ತೆ. ಸುಣ್ಣದ ಕಲ್ಲಿಗೆ ನೀರು ಹಾಕಿದ್ರೆ ಕುದಿಯುತ್ತೆ. ಯೂರಿಯಾ ಕಲಬೆರಕೆ ಇರಬಹುದಾ?

ಉತ್ತರ: ಇಲ್ಲ ಅಣ್ಣ, ಅಸಲಿ ಯೂರಿಯಾ ಕರಗುವಾಗಲೂ ತಣ್ಣಗೇ ಆಗುತ್ತದೆ. ಹರಳುಗಳು ಬಿಡಿಬಿಡಿಯಾಗಲು ಬೇಕಾದ ಶಕ್ತಿಯನ್ನು ನೀರಿನಿಂದಲೇ ಎಳೆದುಕೊಳ್ಳುತ್ತವೆ. ಸುಣ್ಣದ ಕಲ್ಲು ನೀರಿನ ಜೊತೆ ಸೇರಿ ಹೊಸ ವಸ್ತುವೇ ಆಗುತ್ತದೆ, ಒಂದು ಮೋಲ್‌ಗೆ ಸುಮಾರು 65 ಕಿಲೋಜೂಲ್ ಹೊರಗೆ ಬಿಡುತ್ತದೆ. ನೀರು ತಣ್ಣಗಾದಷ್ಟೂ ಯೂರಿಯಾ ನಿಧಾನವಾಗಿ ಕರಗುತ್ತದೆ. ಹಾಗಾಗಿ ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಕದಡಿ, ಸೋಸಿ ಟ್ಯಾಂಕಿಗೆ ಹಾಕಿ.

ನಿಮ್ಮ ಹೊಲದಲ್ಲೂ ಒಂದು ವೇಗವರ್ಧಕ ಇದೆ. ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ ಯೂರಿಯೇಸ್ ಅನ್ನುವ ಕಿಣ್ವ ಇರುತ್ತದೆ. ಅದಿಲ್ಲದೆ ಯೂರಿಯಾ ನೀರಿನಲ್ಲಿ ಒಡೆಯಲು ವರ್ಷಗಳೇ ಬೇಕು. ಅದಿದ್ದರೆ ಕೆಲವೇ ದಿನಗಳಲ್ಲಿ ಅಮೋನಿಯಾ ಆಗುತ್ತದೆ. ಒದ್ದೆ ಮಣ್ಣಿನ ಮೇಲೆ ಚೆಲ್ಲಿ ಹಾಗೇ ಬಿಟ್ಟರೆ ಆ ಅಮೋನಿಯಾ ಗಾಳಿಗೆ ಹೋಗುತ್ತದೆ, ನಿಮ್ಮ ದುಡ್ಡೂ ಅದರ ಜೊತೆಗೆ. ಮಣ್ಣಿನೊಳಗೆ ಸೇರುವ ಹಾಗೆ ಹಾಕಿ.

ಅದೇ ರೈತರು: ಮೇಲುಗೊಬ್ಬರ ಕೊಟ್ಟ ಮೇಲೆ ಮೂಗಿಗೆ ಹೊಡೆಯೋ ವಾಸನೆ ಅದೇನಾ?

ಉತ್ತರ: ಅದೇ ಅಣ್ಣ. ವಾಸನೆ ಬಂತು ಅಂದ್ರೆ ಸಾರಜನಕ ಹೊರಗೆ ಹೋಗ್ತಾ ಇದೆ ಅಂತ ತಿಳ್ಕೊಳ್ಳಿ. ಒಂದೇ ಸಲ ಹಾಕದೆ ಕಂತುಗಳಲ್ಲಿ ಕೊಡಿ.