ಹೂವಿಲ್ಲದ ಕಾಲದಲ್ಲಿ ಉದ್ಯಾನದಲ್ಲಿ ನೋಡುವುದೇನು?

ಪ್ರಶ್ನೆ:
ಮನೆಗೆ ಹತ್ತಿರದ ಉದ್ಯಾನಕ್ಕೆ ನಾನು ವರ್ಷವಿಡೀ ವಾಯುವಿಹಾರಕ್ಕೆ ಹೋಗುತ್ತೇನೆ. ಹೂ ಬಿಡುವ ಕೆಲವು ವಾರಗಳಲ್ಲಿ ಅಲ್ಲಿಂದ ಏಳಲು ಮನಸ್ಸಾಗುವುದಿಲ್ಲ. ಆದರೆ ಮರಗಳು ಬೋಳಾದ ಮೇಲೆ ಅದೇ ದಾರಿಯಲ್ಲಿ ಸುತ್ತು ಹಾಕುವುದು ಬರೀ ವ್ಯಾಯಾಮವಾಗಿಬಿಡುತ್ತದೆ. ಉಳಿದ ಋತುಗಳಲ್ಲಿ ನೀವು ಏನನ್ನು ಗಮನಿಸುತ್ತೀರಿ? ಸಸ್ಯಶಾಸ್ತ್ರ ಓದದವರಿಗೂ ಅರ್ಥವಾಗುವಂತೆ ತಿಳಿಸಬೇಕಾಗಿ ವಿನಂತಿ.

ಉತ್ತರ 1:
ಇಡೀ ಉದ್ಯಾನವನ್ನು ನೋಡುವ ಆಸೆ ಬಿಟ್ಟು, ಎಲೆ ಉದುರಿಸುವ ಒಂದೇ ಒಂದು ಮರವನ್ನು ಆರಿಸಿಕೊಳ್ಳಿ. ಕಣ್ಣಿನ ಮಟ್ಟಕ್ಕೆ ಒಂದು ರೆಂಬೆಯಿದ್ದರೆ ಒಳ್ಳೆಯದು. ಎಲೆ ಕಳಚಿದ ಜಾಗದಲ್ಲಿ ತೊಟ್ಟಿನ ಕಲೆ ಉಳಿದಿರುತ್ತದೆ. ಅದರೊಳಗಿನ ಸಣ್ಣ ಚುಕ್ಕೆಗಳು ಎಲೆಗೆ ನೀರು ಸಾಗಿಸುತ್ತಿದ್ದ ನಾಳಗಳ ಕೊನೆಗಳು. ಕಲೆಯ ನೆತ್ತಿಯ ಮೇಲೆಯೇ ಮೊಗ್ಗೊಂದು ಕುಳಿತಿರುವುದನ್ನು ಕಾಣುವಿರಿ. ಹಲವು ಮರಗಳಲ್ಲಿ ಅದು ಎಲೆ ಉದುರುವುದಕ್ಕೆ ಮೊದಲೇ ಸಿದ್ಧವಾಗಿರುತ್ತದೆ.

ಎಲೆ ಹಣ್ಣಾಗುವುದೂ ನೋಡತಕ್ಕದ್ದೇ. ಹಳದಿ ಬಣ್ಣ ಹೊಸದಾಗಿ ಬರುವುದಲ್ಲ: ಹಸಿರು ಕೊಡುತ್ತಿದ್ದ ಕ್ಲೋರೋಫಿಲ್ ಒಡೆದುಹೋದಾಗ, ಮೊದಲಿನಿಂದಲೂ ಎಲೆಯೊಳಗಿದ್ದ ಹಳದಿ ವರ್ಣದ್ರವ್ಯಗಳಾದ ಕೆರೋಟಿನಾಯ್ಡ್‌ಗಳು ಕಣ್ಣಿಗೆ ಬೀಳುತ್ತವೆ. ಕೆಂಪಿನ ಕಥೆಯೇ ಬೇರೆ. ಅದನ್ನು ಕೊಡುವ ಆಂಥೋಸಯನಿನ್ ಬಹುಮಟ್ಟಿಗೆ ಎಲೆ ಹಣ್ಣಾಗುವ ಹೊತ್ತಿಗೇ ಹೊಸದಾಗಿ ತಯಾರಾಗುತ್ತದೆ, ಅದಕ್ಕೆ ಬೆಳಕೂ ಬೇಕು. ಹೀಗಾಗಿ ಒಂದೇ ಮರದಲ್ಲಿ ಬಿಸಿಲಿನ ಕಡೆಯ ಎಲೆಗಳು ನೆರಳಿನವಕ್ಕಿಂತ ಹೆಚ್ಚು ಕೆಂಪೇರಿರುವುದುಂಟು.

ಉತ್ತರ 2:
ಮೇಲಿನ ಸಲಹೆಗೆ ಒಂದು ದಿನಚರಿ ಪುಸ್ತಕವನ್ನು ಸೇರಿಸುತ್ತೇನೆ. ಮೊದಲ ಚಿಗುರು, ಮೊದಲ ಹೂವು, ಕೊನೆಯ ಎಲೆ ಇವುಗಳ ದಿನಾಂಕ ಬರೆದಿಟ್ಟರೆ ಸಾಕು. ಇಂಗ್ಲೆಂಡಿನ ರಾಬರ್ಟ್ ಮಾರ್ಷಮ್ 1736ರಲ್ಲಿ ಹೀಗೆ ವಸಂತದ ಕುರುಹುಗಳನ್ನು ದಾಖಲಿಸತೊಡಗಿದರು, ಅವರ ಮನೆತನದವರು 1958ರವರೆಗೆ ಅದನ್ನು ಮುಂದುವರಿಸಿದರು. ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಹೂ ಅರಳಿದ ದಾಖಲೆಗಳು 9ನೆಯ ಶತಮಾನದಷ್ಟು ಹಿಂದಕ್ಕೆ ಹೋಗುತ್ತವೆ. ಹವಾಮಾನ ಬದಲಾಗುತ್ತಿರುವುದನ್ನು ಅಳೆಯುವ ವಿಜ್ಞಾನಿಗಳು ಇಂದು ಇಂಥ ಹಳೆಯ ಟಿಪ್ಪಣಿಗಳನ್ನೇ ತಡಕುತ್ತಾರೆ.

ಉತ್ತರ 3:
ಬರೆದಿಡುವುದು ಎಲ್ಲರಿಗೂ ಒಗ್ಗುವುದಿಲ್ಲ. ನನಗಂತೂ ಅದು ಕಚೇರಿಯ ಕೆಲಸದಂತೆ ತೋರುತ್ತದೆ. ಹೊತ್ತು ಬದಲಿಸಿ ನೋಡಿ. ಒಣಗಿದ ನೆಲಕ್ಕೆ ಮಳೆ ಬಿದ್ದ ಕೂಡಲೇ ಹೋದರೆ ಮಣ್ಣಿನ ಪರಿಮಳ ಸಿಗುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಅದರ ಮುಖ್ಯ ಕಾರಣಗಳಲ್ಲಿ ಒಂದು. ಬೋಳು ಮರಗಳಲ್ಲಿ, ಎಲೆಗಳ ಮರೆಯಲ್ಲಿದ್ದ ಹಕ್ಕಿಗೂಡುಗಳು ಬಯಲಾಗುತ್ತವೆ. ಖಾಲಿ ಕಂಡರೂ ಅವನ್ನು ಕೀಳಬಾರದು, ಕೆಲವು ಹಕ್ಕಿಗಳು ಅದೇ ಗೂಡಿಗೆ ಮರಳುತ್ತವೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ನಮ್ಮ ಉದ್ಯಾನದಲ್ಲಿ ನಿತ್ಯಹರಿದ್ವರ್ಣದ ಮರಗಳೇ ಹೆಚ್ಚು. ಅವುಗಳಲ್ಲಿ ಈ ಬದಲಾವಣೆಗಳು ಕಾಣಲಾರವಷ್ಟೆ?

ಉತ್ತರ 1:
ಕಾಣುತ್ತವೆ. ಅವೂ ಎಲೆ ಉದುರಿಸುತ್ತವೆ, ಒಟ್ಟಿಗೆ ಉದುರಿಸುವುದಿಲ್ಲ ಅಷ್ಟೇ. ಮರದ ಬುಡದಲ್ಲಿ ತರಗೆಲೆ ಯಾವ ತಿಂಗಳು ಹೆಚ್ಚುತ್ತದೆ, ತುದಿಯ ತಳಿರು ಯಾವಾಗ ತಿಳಿಯಾಗಿ ಅಥವಾ ಕೆಂಪಾಗಿ ಮೂಡುತ್ತದೆ ಎಂಬುದರಿಂದ ಆರಂಭಿಸಿ.